ಉಸಿರುಕಲ್ಲಿನ ನಲವತ್ತೊಂದು ನಿಮಿಷ

ತೊಂಬತ್ತು ದೊಡ್ಡದೋ ನೂರೈವತ್ತು ದೊಡ್ಡದೋ ಎಂದು ಕೇಳಿದರೆ ಒಂದನೇ ತರಗತಿಯ ಮಗುವೂ ಸರಿಯಾದ ಉತ್ತರ ಹೇಳುತ್ತದೆ. ಆಸ್ಪತ್ರೆಯ ಉಗ್ರಾಣ ನೋಡಿಕೊಳ್ಳುತ್ತಿದ್ದ ಪಟ್ಟಿ ಸಾಹೇಬರೂ ಸರಿಯಾದ ಉತ್ತರವನ್ನೇ ಹೇಳಿದರು. ಕೆಟ್ಟದ್ದೆಲ್ಲ ಶುರುವಾದದ್ದು ಅಲ್ಲಿಂದ.

ಪಟ್ಟಿ ಸಾಹೇಬರು ಎಂಬುದು ಡ್ರೈವರಮ್ಮ ಅವರಿಗೆ ಇಟ್ಟ ಹೆಸರು. ಆಸ್ಪತ್ರೆಗೆ ಬಂದ ಮೊದಲ ವಾರದಲ್ಲೇ ಅವರು ಮಂಚಗಳಿಂದ ಹಿಡಿದು ಪೊರಕೆಗಳ ತನಕ ಎಲ್ಲದಕ್ಕೂ ಪಟ್ಟಿ ಮಾಡಿ, ಪ್ರತಿ ಕೋಣೆಯ ಬಾಗಿಲ ಹಿಂದೆ ಅಂಟಿಸಿದ್ದರು. ಪಟ್ಟಿಯಲ್ಲಿ ಇದ್ದದ್ದು ಲೋಕದಲ್ಲಿ ಇದೆ, ಇಲ್ಲದ್ದು ಇಲ್ಲ. ಮನುಷ್ಯ ಕೆಟ್ಟವರೇನಲ್ಲ. ಲಂಚ ಮುಟ್ಟಿದವರಲ್ಲ, ಯಾರ ಮೇಲೂ ದನಿ ಎತ್ತಿದವರಲ್ಲ. ಹಾಗಾಗಿಯೇ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಇನ್ನಷ್ಟು ಕಷ್ಟವಾಗಿತ್ತು. ಬಾಯಿಬಡುಕರ ಮೇಲೆ ಹರಿಹಾಯಬಹುದು, ಮೆತ್ತಗೆ ನಗುತ್ತ ತಪ್ಪು ಮಾಡುವವರ ಮೇಲೆ ಹೇಗೆ ಹರಿಹಾಯುವುದು?

ಡ್ರೈವರಮ್ಮ ಹನ್ನೆರಡು ವರ್ಷದಿಂದ ಆಸ್ಪತ್ರೆಯ ಜೀಪು ಓಡಿಸುತ್ತಿದ್ದಳು. ಆಸ್ಪತ್ರೆಯಿಂದ ಮೂವತ್ತು ಕಿಲೋಮೀಟರು ಕಲ್ಲುಮಣ್ಣಿನ ರಸ್ತೆ, ಆಮೇಲೆ ಹನ್ನೆರಡು ಕಿಲೋಮೀಟರು ಬರೀ ಮರಳು, ಮರಳಿನಾಚೆ ನಾಲ್ಕು ಊರು. ಆ ನಾಲ್ಕು ಊರಿನಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ, ಯಾರು ಏಣಿಯಿಂದ ಬಿದ್ದರೂ ಹೋಗುವುದು ಈ ಜೀಪೊಂದೇ. ರಸ್ತೆ ಮುಗಿದು ಮರಳು ಶುರುವಾಗುವಲ್ಲಿ ಒಂದು ಅಗಲವಾದ ಹಾಸುಗಲ್ಲು ಇದೆ. ಆ ದಾರಿಯ ಡ್ರೈವರುಗಳು ಅದನ್ನು ಉಸಿರುಕಲ್ಲು ಎನ್ನುತ್ತಾರೆ. ಹೋಗುವಾಗ ಎಲ್ಲರೂ ಅಲ್ಲಿ ನಿಂತು ಚಕ್ರದ ಗಾಳಿ ಬಿಡುತ್ತಾರೆ, ಬರುವಾಗ ಅಲ್ಲೇ ನಿಂತು ತುಂಬಿಸುತ್ತಾರೆ. ಗಟ್ಟಿ ಚಕ್ರ ಮರಳನ್ನು ಕೊರೆದು ಹೂತುಹೋಗುತ್ತದೆ. ಅರ್ಧಕ್ಕಿಂತ ಹೆಚ್ಚು ಗಾಳಿ ಬಿಟ್ಟರೆ ಅದೇ ಚಕ್ರ ಹೊಟ್ಟೆ ಬಿಟ್ಟುಕೊಂಡು ಅಗಲವಾಗಿ ಕೂರುತ್ತದೆ, ಮರಳಿನ ಮೇಲೆ ತೇಲಿಕೊಂಡು ಹೋಗುತ್ತದೆ. ಆದರೆ ಆ ಮೆತ್ತನೆಯ ಚಕ್ರದಲ್ಲಿ ಕಲ್ಲುರಸ್ತೆಯ ಮೇಲೆ ಜೋರಾಗಿ ಓಡಿಸಿದರೆ ಅದು ಕಾದು, ಹರಿದು, ರಿಮ್ಮಿನಿಂದ ಕಳಚಿಕೊಂಡು ಗಾಡಿಯನ್ನೇ ಮಗುಚಿಹಾಕುತ್ತದೆ. ಹಾಗಾಗಿ ಒಳಗೆ ಎಂಥ ರೋಗಿ ಇದ್ದರೂ ಉಸಿರುಕಲ್ಲಿನಲ್ಲಿ ನಿಲ್ಲಲೇಬೇಕು. ಇದು ಯಾವ ಪಟ್ಟಿಯಲ್ಲೂ ಇರಲಿಲ್ಲ, ಆದರೆ ಆ ದಾರಿಯ ಬೀದಿನಾಯಿಗೂ ಗೊತ್ತಿತ್ತು.

ಮೊದಲ ವರ್ಷ ಅವಳು ಕಾಲಿನಿಂದ ತುಳಿಯುವ ಪಂಪಿನಲ್ಲಿ ತುಂಬಿಸುತ್ತಿದ್ದಳು. ನಾಲ್ಕು ಚಕ್ರ ಮುಗಿಯುವಷ್ಟರಲ್ಲಿ ಮಂಡಿಚಿಪ್ಪು ಕಳಚಿ ಕೈಗೆ ಬಂದಂತಾಗುತ್ತಿತ್ತು. ಆಮೇಲೆ ಆಸ್ಪತ್ರೆಯವರು ಒತ್ತಿ ತುಂಬಿಸಿದ ಗ್ಯಾಸಿನ ಒಂದು ಸಿಲಿಂಡರು ಕೊಟ್ಟರು. ಅದು ಭರ್ರೆಂದು ತುಂಬಿಸುತ್ತಿತ್ತು ನಿಜ, ಆದರೆ ಮೂರು ಸಲ ಹೋಗಿಬಂದರೆ ಖಾಲಿ, ಮತ್ತೆ ತುಂಬಿಸಿ ತರಲು ಪೇಟೆಗೆ ಕಳಿಸಿ ವಾರಗಟ್ಟಲೆ ಕಾಯಬೇಕು. ಕೊನೆಗೆ ಅವಳ ಮಾವ ಮುಂದೆ ಬಂದರು. ಮಾವ ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು, ಈಗ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕೂತು ನೆರೆಹೊರೆಯವರ ಮಿಕ್ಸಿ, ಫ್ಯಾನು ರಿಪೇರಿ ಮಾಡುತ್ತ, ಅದನ್ನು ಕೆಡಿಸಿ ತಂದವರನ್ನು ಬೈಯುತ್ತ ಕಾಲ ಕಳೆಯುತ್ತಿದ್ದವರು. ಗುಜರಿಗೆ ಬಂದ ಕಾರೊಂದರ ಏಸಿ ಕಂಪ್ರೆಸರು ಬಿಚ್ಚಿ, ಅದನ್ನು ಜೀಪಿನ ಎಂಜಿನ್ನಿನ ಪಕ್ಕ ಕೂರಿಸಿ, ಬೆಲ್ಟು ಹಾಕಿ, ನಾಲ್ಕು ಬಾಲದ ಒಂದು ರಬ್ಬರು ಕೊಳವೆ ಮಾಡಿಕೊಟ್ಟರು. ನಾಲ್ಕು ಬಾಲ ನಾಲ್ಕು ಚಕ್ರಕ್ಕೆ ಸಿಕ್ಕಿಸಿ ಎಂಜಿನ್ ಓಡಿಸಿದರೆ ಆರೇ ನಿಮಿಷ. ಜೊತೆಗೆ ಬರುವ ಸಿಸ್ಟರ್ ರೋಗಿಯ ಬಿ.ಪಿ. ನೋಡಿ ಬರೆದುಕೊಳ್ಳುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಒಂಬತ್ತು ವರ್ಷದಲ್ಲಿ ಅದು ಒಂದು ದಿನವೂ ಕೈಕೊಡಲಿಲ್ಲ.

ವರ್ಷದ ತಪಾಸಣೆಯ ದಿನ ಪಟ್ಟಿ ಸಾಹೇಬರು ಜೀಪಿನ ಬಾನೆಟ್ ಎತ್ತಿಸಿ ನೋಡಿದರು. ಪಟ್ಟಿಯಲ್ಲಿಲ್ಲದ ವಸ್ತುವೊಂದು ಎಂಜಿನ್ನಿಗೆ ಅಂಟಿಕೊಂಡಿತ್ತು. ಇದನ್ನು ತಯಾರಿಸಿದ ಕಂಪನಿ ಯಾವುದು ಎಂದು ಕೇಳಿದರು. ನಮ್ಮ ಮಾವ ಎಂದಳು. ಅವರು ನಕ್ಕರು. ಅದೇ ಸಂಜೆ ಅದನ್ನು ಬಿಚ್ಚಿಸಿ, ‘ಅನಧಿಕೃತ ವಸ್ತು’ ಎಂಬ ಚೀಟಿ ಕಟ್ಟಿ ಉಗ್ರಾಣದ ಮೇಲಿನ ಹಲಗೆಗೆ ಏರಿಸಿದರು. ಎರಡು ವಾರಕ್ಕೆ ಅದರ ಜಾಗಕ್ಕೆ ಜಿಪ್ಪಿನ ಚೀಲದಲ್ಲಿ ಒಂದು ಕೆಂಪು ಯಂತ್ರ ಬಂತು. ಊಟದ ಡಬ್ಬಿಯಷ್ಟಿತ್ತು, ಜೀಪಿನೊಳಗೆ ಸಿಗರೇಟು ಹಚ್ಚುವ ತೂತಿಗೆ ವೈರು ಸಿಕ್ಕಿಸಿದರೆ ಓಡುತ್ತಿತ್ತು. ಡಬ್ಬದ ಮೇಲೆ ಹೆಬ್ಬೆರಳಿನಷ್ಟು ದಪ್ಪ ಅಂಕಿಗಳಲ್ಲಿ ನೂರೈವತ್ತು ಎಂದು ಬರೆದಿತ್ತು.

ಇದು ನಮ್ಮ ಚಕ್ರಗಳಿಗೆ ಆಗಲ್ಲ ಎಂದು ಅವಳು ಉಗ್ರಾಣಕ್ಕೇ ಹೋಗಿ ಹೇಳಿದಳು. ಪಟ್ಟಿ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

“ನಿಮ್ಮ ಮಾವನವರ ಯಂತ್ರ ಎಷ್ಟು ಒತ್ತಡ ಕೊಡ್ತಿತ್ತಮ್ಮ?”

“ತೊಂಬತ್ತು.”

“ಇದು ನೂರೈವತ್ತು ಕೊಡುತ್ತೆ. ಈಗ ನೀವೇ ಹೇಳಿ, ತೊಂಬತ್ತು ದೊಡ್ಡದೋ ನೂರೈವತ್ತು ದೊಡ್ಡದೋ?”

ಅವಳ ಕೈಗೆ ಗೊತ್ತಿದ್ದದ್ದು ನಾಲಿಗೆಗೆ ಬರಲಿಲ್ಲ. ಉತ್ತರ ಸಿಕ್ಕಿದ್ದು ಮನೆಗೆ ಹೋದ ಮೇಲೆ, ಅದೂ ಮಾವನ ಬಾಯಿಂದ. ಅವರು ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಕುಕ್ಕಿ ಹೇಳಿದರು: “ನಮ್ಮ ಚಕ್ರಕ್ಕೆ ಬೇಕಿರೋದೇ ಮೂವತ್ತಾರು. ನೂರೈವತ್ತು ತಗೊಂಡು ಏನು ಮಾಡ್ತಾನೆ, ತಲೆಗೆ ಸುತ್ಕೋತಾನಾ? ನಿಮ್ಮ ಆಸ್ಪತ್ರೆ ಸಿರಿಂಜಲ್ಲೂ ನೀರು ಜೋರಾಗಿ ಚಿಮ್ಮುತ್ತೆ. ಅದ್ರಲ್ಲಿ ಹಂಡೆ ತುಂಬಿಸು ಅಂತ ಹೇಳು ಅವನಿಗೆ. ಎಷ್ಟು ಜೋರು ಅನ್ನೋದಲ್ಲ, ನಿಮಿಷಕ್ಕೆ ಎಷ್ಟು ಗಾಳಿ ಅನ್ನೋದು ಲೆಕ್ಕ.” ಎಷ್ಟು ಸರಳವಾದ ಮಾತು. ಅದು ಆ ಹೊತ್ತಿನಲ್ಲಿ ತನ್ನ ಬಾಯಿಗೆ ಯಾಕೆ ಬರಲಿಲ್ಲ ಎಂದು ಅವಳು ಪಾತ್ರೆ ತಿಕ್ಕುತ್ತ, ಹಾಸಿಗೆ ಕೊಡವುತ್ತ ತನ್ನನ್ನೇ ಬೈದುಕೊಂಡಳು. ಮರುದಿನ ಹೋಗಿ ಹೇಳಿದಾಗ ಪಟ್ಟಿ ಸಾಹೇಬರು ಸಹನೆಯಿಂದ ಕೇಳಿಸಿಕೊಂಡು, ಖರೀದಿ ಮುಗಿದಿದೆ ಎಂದರು.

ಮೂರು ತಿಂಗಳು ಹೇಗೋ ದೂಡಿದಳು. ಆಮೇಲೆ ಆ ದಿನ ಬಂತು.

ಮರಳಿನಾಚೆಯ ಊರಿನಿಂದ ಚೊಚ್ಚಲ ಬಸುರಿಯೊಬ್ಬಳನ್ನು, ಅವಳ ಗಂಡನನ್ನು ಹತ್ತಿಸಿಕೊಂಡು ಹೊರಟಾಗ ನೆತ್ತಿಯ ಮೇಲೆ ಸೂರ್ಯ. ರಕ್ತ ಆಗಲೇ ಕಾಣಿಸಿಕೊಂಡಿತ್ತು. ಹೊತ್ತಿಲ್ಲ ಎಂದು ಸಿಸ್ಟರ್ ಒಂದೇ ಮಾತು ಹೇಳಿದಳು. ಹನ್ನೆರಡು ಕಿಲೋಮೀಟರು ಮರಳನ್ನು ಡ್ರೈವರಮ್ಮ ಹೇಗೆ ದಾಟಿಸಿದಳೋ ಅವಳಿಗೇ ನೆನಪಿಲ್ಲ. ಉಸಿರುಕಲ್ಲಿಗೆ ಬಂದು ನಿಂತಳು. ಮೆತ್ತನೆಯ ಚಕ್ರದಲ್ಲೇ ಆಮೆಯ ಹಾಗೆ ತೆವಳಿದರೆ ಆಸ್ಪತ್ರೆ ಎರಡು ಗಂಟೆ, ತುಂಬಿಸಿಕೊಂಡು ಹೊರಟರೆ ಮುಕ್ಕಾಲು ಗಂಟೆ. ಅವಳು ಲೆಕ್ಕ ಹಾಕಿ ತುಂಬಿಸಲು ಇಳಿದಳು.

ಅಷ್ಟರಲ್ಲಿ ಆ ಕೆಂಪು ಡಬ್ಬಿಯ ಹಣೆಬರಹವೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಸಿಗರೇಟಿನ ತೂತಿಗೆ ಸಿಕ್ಕಿಸಿದರೆ ಫ್ಯೂಸು ಸುಡುತ್ತದೆ. ಹಾಗಾಗಿ ವೈರಿನ ತುದಿಗೆ ಹಾಕಿ ತೆಗೆಯುವಂಥ ಕಚ್ಚುವ ಕ್ಲಿಪ್ಪು ಮಾಡಿಸಿಕೊಂಡು ನೇರ ಬ್ಯಾಟರಿಗೇ ಕಚ್ಚಿಸುತ್ತಿದ್ದಳು. ಎಂಜಿನ್ ಓಡುತ್ತಲೇ ಇರಬೇಕು, ಇಲ್ಲದಿದ್ದರೆ ಯಂತ್ರ ಸೊರಗುತ್ತದೆ. ಹತ್ತು ನಿಮಿಷಕ್ಕೆ ಅದರ ತಲೆ ಕಾದು ತನ್ನಷ್ಟಕ್ಕೆ ನಿಂತುಬಿಡುತ್ತದೆ, ಅದಕ್ಕೆ ಮೊದಲಿನಿಂದಲೇ ತಲೆಯ ಮೇಲೆ ಒದ್ದೆ ಬಟ್ಟೆ ಹಾಕಿ, ಕುಡಿಯುವ ನೀರಿನ ಕ್ಯಾನಿನಿಂದ ಹನಿಸುತ್ತಿರಬೇಕು. ಒಂದೊಂದು ಚಕ್ರಕ್ಕೆ ಒಂಬತ್ತೊಂಬತ್ತು ನಿಮಿಷ. ಕೊಳವೆಯ ತುದಿಯ ಹಿತ್ತಾಳೆ ಕೆಂಡದಂತೆ ಕಾಯುತ್ತದೆ. ಎರಡನೇ ಚಕ್ರದಿಂದ ಕೀಳುವಾಗ ಅವಳ ಬಲಗೈಯ ಎರಡು ಬೆರಳು ಚುರ್ರೆಂದವು. ಮೂರನೆಯದು ತುಂಬುತ್ತಿದ್ದಂತೆ ಯಂತ್ರ ನಿಂತಿತು. ಜೀಪಿನ ಕಾಲೊರಸು ಎಳೆದುಕೊಂಡು ಅದಕ್ಕೆ ಐದು ನಿಮಿಷ ಗಾಳಿ ಬೀಸಿದಳು. ಯಂತ್ರಕ್ಕೆ ಗಾಳಿ ಬೀಸುವ ಗತಿ ಬಂತಲ್ಲ ಎಂದು ಅಳು ಒತ್ತಿಕೊಂಡು ಬಂತು. ನಾಲ್ಕನೆಯದಕ್ಕೆ ಕೈಯಿಟ್ಟಾಗ ಜೀಪಿನೊಳಗಿನಿಂದ ಕೂಸು ಅತ್ತಿತು.

ಕೂಸಿನ ಅಪ್ಪ ಅಷ್ಟು ಹೊತ್ತೂ ಕಲ್ಲಿನ ಮೇಲೆ ನಿಂತು ಕೂಗಾಡುತ್ತಿದ್ದ. ಉತ್ತರ ಕೊಡಲು ಅವಳಿಗೆ ಉಸಿರಿರಲಿಲ್ಲ. ಅವನ ಕಣ್ಣಿಗೆ ಕಂಡದ್ದು ಹೆಂಡತಿ ಒಳಗೆ ಸಾಯುತ್ತಿರುವಾಗ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತ ಒಬ್ಬ ಹೆಂಗಸು. ತಾಯಿಗೆ ರಕ್ತ ಹೋಗುತ್ತಲೇ ಇತ್ತು, ಆಸ್ಪತ್ರೆ ಮುಟ್ಟಿದಾಗ ಮುಖ ಕಾಗದದ ಹಾಗಿತ್ತು. ಎರಡು ಬಾಟಲಿ ರಕ್ತ ಕೊಟ್ಟ ಮೇಲೆ ಕಣ್ಣು ಬಿಟ್ಟಳು. ತಾಯಿಮಗು ಇಬ್ಬರೂ ಉಳಿದರು. ಮೂರನೆಯ ದಿನ ಅವನು ದೂರು ಬರೆದುಕೊಟ್ಟ: ಡ್ರೈವರ್ ನಲವತ್ತೊಂದು ನಿಮಿಷ ದಾರಿಯಲ್ಲಿ ಗಾಡಿ ನಿಲ್ಲಿಸಿಕೊಂಡು ಕೂತಿದ್ದಳು. ನಿಮಿಷ ಸರಿಯಾಗಿತ್ತು. ಅವನು ಗಡಿಯಾರ ನೋಡುತ್ತಲೇ ಇದ್ದ, ಪಾಪ.

ಅವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ದೂರಿನ ಜೊತೆ ಬಂದ ನೋಟೀಸಿಗೆ, ನೋಟೀಸಿನ ಕೆಳಗಿದ್ದ ಪಟ್ಟಿ ಸಾಹೇಬರ ಟಿಪ್ಪಣಿಗೆ. ಹೊಸ ಯಂತ್ರದ ಸಾಮರ್ಥ್ಯ ನೂರೈವತ್ತು, ತೆಗೆದುಹಾಕಿದ ಯಂತ್ರದ್ದು ತೊಂಬತ್ತು. ಆದ್ದರಿಂದ ವಿಳಂಬಕ್ಕೆ ಯಂತ್ರ ಕಾರಣವಲ್ಲ. ತನ್ನ ಮಾವನ ಯಂತ್ರ ತೆಗೆಸಿದ ಅಸಮಾಧಾನದಿಂದ ಚಾಲಕಿ ಉದ್ದೇಶಪೂರ್ವಕವಾಗಿ ತಡ ಮಾಡಿರುವ ಸಾಧ್ಯತೆ ಇದೆ. ಮೂರು ದಿನದೊಳಗೆ ಉತ್ತರಿಸುವುದು, ಇಲ್ಲವಾದರೆ ಜೀಪಿನ ಹೊಣೆಯಿಂದ ಬಿಡುಗಡೆ.

ಉದ್ದೇಶಪೂರ್ವಕ. ಅಡುಗೆಮನೆಯಲ್ಲಿ ನಿಂತು ಆ ಪದವನ್ನು ಅವಳು ನಾಲ್ಕು ಸಲ ಓದಿದಳು. ಸೋಮಾರಿ ಎಂದಿದ್ದರೆ, ದಡ್ಡಿ ಎಂದಿದ್ದರೆ ನುಂಗಿಕೊಳ್ಳುತ್ತಿದ್ದಳೇನೋ. ಹೆರುವ ಹೆಂಗಸನ್ನು ಬೇಕೆಂದೇ ಬಿಸಿಲಿನಲ್ಲಿ ಹಾಕಿಕೊಂಡು ಕೂತಳು ಎನ್ನುವುದೆಂದರೆ ಏನು? ಇವರ ಮನೆಯಲ್ಲಿ ಯಾರೂ ಹೆತ್ತಿಲ್ಲವೇ? ಗಂಡ ಸೀಟುಗಳ ಕವರು ಹೊಲಿಯುವ ಕೆಲಸದವನು, ಜಗಳವೆಂದರೆ ಮೈಲಿ ದೂರ. ಅವನು ಹೊಲಿಗೆ ಯಂತ್ರದಿಂದ ತಲೆ ಎತ್ತದೆ, ಕ್ಷಮಿಸಿ ಅಂತ ಎರಡು ಸಾಲು ಬರೆದು ಮುಗಿಸಬಾರದೇ ಎಂದ. ಅವಳು ಅವನನ್ನು ನೋಡಿದ ನೋಟಕ್ಕೆ ಅವನ ಕೈಯಲ್ಲಿನ ದಾರ ತುಂಡಾಯಿತು.

ಅವಳು ಎರಡು ಪುಟ ಉತ್ತರ ಬರೆದಳು. ಬ್ಯಾಟರಿ, ಒದ್ದೆ ಬಟ್ಟೆ, ಕಾಲೊರಸು, ಎಲ್ಲ ಬರೆದಳು. ಸಿಸ್ಟರ್ ಕೂಡ ಒಂದು ಪುಟ ಬರೆದುಕೊಟ್ಟಳು. ಸಿಸ್ಟರ್ ಆ ಹೊತ್ತಿನಲ್ಲಿ ವಾಹನದ ಒಳಗೆ ಇದ್ದುದರಿಂದ ಚಕ್ರಗಳನ್ನು ನೋಡಿರುವ ಸಂಭವವಿಲ್ಲ ಎಂದು ಪಟ್ಟಿ ಸಾಹೇಬರು ಅದರ ಮೇಲೆ ಷರಾ ಬರೆದರು. ಎರಡೂ ಕಾಗದ ಫೈಲಿನ ಹಿಂಬದಿಗೆ ಹೋದವು, ಯಾರೂ ತೆರೆದು ನೋಡಲಿಲ್ಲ.

ಹಾಗಾದರೆ ಎಲ್ಲರ ಮುಂದೆ ತುಂಬಿಸಿಯೇ ನೋಡಿ ಎಂದು ಕೇಳಿದವಳೂ ಅವಳೇ. ಒಂದು ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆಯ ಅಂಗಳದಲ್ಲಿ, ಕಟ್ಟಡದ ನೆರಳಿನಲ್ಲಿ ಜೀಪು ನಿಲ್ಲಿಸಿದರು. ಆಸ್ಪತ್ರೆಯ ಮುಖ್ಯಸ್ಥೆ ದೊಡ್ಡ ಡಾಕ್ಟರಮ್ಮ ಬಂದು ನಿಂತರು. ಪಟ್ಟಿ ಸಾಹೇಬರು ಅಂಗಿಯ ತೋಳು ಮಡಚಿಕೊಂಡು ತಾವೇ ಒಂದು ಚಕ್ರದ ಗಾಳಿ ಬಿಟ್ಟು, ತಾವೇ ತುಂಬಿಸಿದರು. ತಣ್ಣನೆಯ ಯಂತ್ರ, ತಣ್ಣನೆಯ ಚಕ್ರ, ಬೆಳಗಿನ ತಂಪು ಗಾಳಿ. ಏಳು ನಿಮಿಷಕ್ಕೆ ಮುಳ್ಳು ಮೂವತ್ತಾರು ಮುಟ್ಟಿತು. ಕಿಟಕಿಗಳಿಂದ ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಲು ಅಲ್ಲೇನು ಸರ್ಕಸ್ಸು ನಡೆದಿತ್ತೋ.

“ಏಳು ನಾಲ್ಕಲೆ ಇಪ್ಪತ್ತೆಂಟು,” ಎಂದರು ಪಟ್ಟಿ ಸಾಹೇಬರು. “ಮಿಕ್ಕ ಹದಿಮೂರು ನಿಮಿಷ ಏನು ಮಾಡ್ತಿದ್ರಿ ಅಂತ ಅವರೇ ಹೇಳ್ಬೇಕು.”

ಇನ್ನೂ ಮೂರು ಚಕ್ರ ತುಂಬಿಸಿ ನೋಡಿ, ಮೂರನೆಯದಕ್ಕೆ ಅದು ನಿಲ್ಲುತ್ತದೆ, ಮಧ್ಯಾಹ್ನದ ಬಿಸಿಲಿನಲ್ಲಿ ಎರಡನೆಯದಕ್ಕೇ ಉಸ್ಸೆನ್ನುತ್ತದೆ ಎಂದು ಅವಳು ಹೇಳುತ್ತಿದ್ದಳು. ಅಷ್ಟರಲ್ಲಿ ಆಪರೇಷನ್ ಕೋಣೆಯಿಂದ ಕರೆ ಬಂದು ಡಾಕ್ಟರಮ್ಮ ಹೊರಟುಹೋದರು. ಪರೀಕ್ಷೆ ಮುಗಿಯಿತು. ಸೋಮವಾರದಿಂದ ಜೀಪು ಪೇಟೆಯ ವ್ಯಾನು ಓಡಿಸುತ್ತಿದ್ದ ಡ್ರೈವರಿಗೆ, ಡ್ರೈವರಮ್ಮ ಗೇಟಿನ ಮೇಜಿಗೆ. ಜೊತೆಗೊಂದು ಹೊಸ ಆದೇಶ: ಉಸಿರುಕಲ್ಲಿನಲ್ಲಿ ಯಾವ ಕಾರಣಕ್ಕೂ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ.

ಗೇಟಿನ ಕೋಣೆಯಲ್ಲಿ ಒಂದು ಮೇಜು, ಒಂದು ಫೋನು, ಕಾಲು ಕುಂಟುವ ಸ್ಟೂಲು, ಒಂದು ರಿಜಿಸ್ಟರು. ಹೋಗುವ ಬರುವ ಗಾಡಿಗಳ ಹೊತ್ತು ಬರೆಯುವುದೇ ಕೆಲಸ. ಕೊನೆಯ ಕಾಲಂ ಪಟ್ಟಿ ಸಾಹೇಬರೇ ಹೊಸದಾಗಿ ಸೇರಿಸಿದ್ದು: ತಡವಾಗಿದ್ದಲ್ಲಿ ಕಾರಣ. ಕೂತು ಕೂತು ಬೇಜಾರಾಗಿ ಅವಳು ಬಾಗಿಲ ಹಿಂದಿನ ನಿಯಮಗಳ ಪಟ್ಟಿಯನ್ನು ಒಂದರಿಂದ ಹದಿನಾಲ್ಕರ ತನಕ ಓದಿದಳು. ಆಮೇಲೆ ರಿಜಿಸ್ಟರಿನ ಹಳೆಯ ಪುಟಗಳನ್ನು ತಿರುವಿದಳು. ಹೆರಿಗೆಯ ದಿನದ ಪುಟ ಸಿಕ್ಕಿತು. ಅವಳ ಜೀಪಿನ ಎದುರಿಗೆ, ಕೊನೆಯ ಕಾಲಮ್ಮಿನಲ್ಲಿ, ಪಟ್ಟಿ ಸಾಹೇಬರ ಮುತ್ತಿನಂಥ ಅಕ್ಷರ: ಚಾಲಕಿಯ ಉದ್ದೇಶಪೂರ್ವಕ ವಿಳಂಬ. ಕೆಳಗೆ ಸಹಿ. ನೋಟೀಸಿನಲ್ಲಿ ಸಾಧ್ಯತೆ ಎಂದು ಇದ್ದದ್ದು ಇಲ್ಲಿ ಸತ್ಯವೇ ಆಗಿಬಿಟ್ಟಿತ್ತು. ಅವಳ ಮೈಯೆಲ್ಲ ಉರಿದುಹೋಯಿತು. ನಾಳೆ ಅವಳು ಸತ್ತರೂ ಈ ಪುಸ್ತಕ ಇರುತ್ತದೆ. ತೆರೆದವರೆಲ್ಲ ಓದುತ್ತಾರೆ.

ಮುಂದಿನ ಬುಧವಾರ ಮರಳಿನಾಚೆ ತಿಂಗಳ ಆರೋಗ್ಯ ಶಿಬಿರ. ದೊಡ್ಡ ಡಾಕ್ಟರಮ್ಮ, ಔಷಧಿಗಳ ಪಟ್ಟಿ ಹಿಡಿದ ಪಟ್ಟಿ ಸಾಹೇಬರು, ವ್ಯಾನಿನ ಡ್ರೈವರು, ಮೂವರೂ ಬೆಳಿಗ್ಗೆ ಎಂಟಕ್ಕೆ ಜೀಪಿನಲ್ಲಿ ಹೊರಟರು. ಡ್ರೈವರಮ್ಮ ಹೊತ್ತು ಬರೆದುಕೊಂಡಳು. ಒಂಬತ್ತಕ್ಕೆ ಗೇಟಿನ ಫೋನು ಬಡಿದುಕೊಂಡಿತು. ವ್ಯಾನಿನ ಡ್ರೈವರು ಪಿಸುದನಿಯಲ್ಲಿ ಮಾತಾಡುತ್ತಿದ್ದ. ಜೀಪು ಹೊಟ್ಟೆಯ ತನಕ ಹೂತುಹೋಗಿತ್ತು, ಅದೂ ಉಸಿರುಕಲ್ಲು ದಾಟಿ ಇಪ್ಪತ್ತು ಹೆಜ್ಜೆಗೆ.

“ಗಾಳಿ ಎಷ್ಟಕ್ಕೆ ಇಳಿಸಿದ್ಯೋ?” ಎಂದು ಅವಳು ಕೇಳಿದಳು.

“ಇಳಿಸಲೇ ಇಲ್ಲ ಅಕ್ಕ. ಇಳಿಸಿದ್ರೆ ಬರ್ತಾ ತುಂಬಿಸ್ಬೇಕಲ್ಲ. ಹತ್ತು ನಿಮಿಷಕ್ಕಿಂತ ಜಾಸ್ತಿ ಆದ್ರೆ ನಂಗೂ ನೋಟೀಸ್ ಕೊಡ್ತಾರೆ.”

ಇಲ್ಲಿ ಅವಳು ಫೋನು ಇಟ್ಟುಬಿಡಬಹುದಿತ್ತು. ಇಟ್ಟಿದ್ದರೆ ಈ ಕತೆ ಹೇಳುವವರಿಗೂ ಒಳಗೊಳಗೇ ಖುಷಿಯಾಗುತ್ತಿತ್ತು. ಆದರೆ ಮರಳಿನಾಚೆ ಶಿಬಿರಕ್ಕೆ ಬಂದು ಕೂಸುಗಳನ್ನು ಎತ್ತಿಕೊಂಡು ಸಾಲಾಗಿ ಕೂತವರ ಮುಖ ಅವಳಿಗೆ ಒಂದೊಂದೂ ಗೊತ್ತಿತ್ತು. ಅವಳು ಹಲ್ಲು ಕಚ್ಚಿಕೊಂಡು ಹೇಳಿಕೊಟ್ಟಳು: ಪ್ರತಿ ಚಕ್ರದ ಬಾಯಿಯ ಮುಳ್ಳು ಒತ್ತಿಹಿಡಿದು ನೂರಿಪ್ಪತ್ತು ಎಣಿಸು, ಚಕ್ರದ ಮುಂದಿನ ಮರಳನ್ನು ಕೈಯಲ್ಲಿ ಬಗೆ, ಎರಡನೇ ಗೇರಿನಲ್ಲಿ ಮೆಲ್ಲಗೆ ಬಿಡು. ಬರುವಾಗ ತುಂಬಿಸುವುದಕ್ಕೂ ಹೇಳಿದಳು: ಬ್ಯಾಟರಿಗೇ ಕಚ್ಚಿಸು, ಎಂಜಿನ್ ನಿಲ್ಲಿಸಬೇಡ, ಯಂತ್ರದ ತಲೆಗೆ ಒದ್ದೆ ಬಟ್ಟೆ ಹಾಕು, ಹಿತ್ತಾಳೆ ಮುಟ್ಟಬೇಡ. ಅರ್ಧ ಗಂಟೆಗೆ ಜೀಪು ಮೇಲೆದ್ದಿತು ಎಂದು ಮತ್ತೆ ಫೋನು ಬಂತು.

ಶಿಬಿರ ಮುಗಿಸಿ ಅವರು ಎರಡು ಗಂಟೆಗೆ ಆಸ್ಪತ್ರೆಯಲ್ಲಿರಬೇಕಿತ್ತು. ಎರಡಾಯಿತು, ಮೂರಾಯಿತು. ಡಾಕ್ಟರಮ್ಮನಿಗಾಗಿ ಕಾದಿದ್ದವರು ಗೇಟಿಗೆ ಬಂದು ಬಂದು ಕೇಳಿ ಹೋದರು. ಜೀಪು ಒಳಗೆ ಬಂದದ್ದು ನಾಲ್ಕಕ್ಕೆ ಎಂಟು ನಿಮಿಷ ಇರುವಾಗ. ಡಾಕ್ಟರಮ್ಮನ ಮುಖ ಬೆಂದ ಹಾಗೆ ಕೆಂಪಾಗಿತ್ತು. ಪಟ್ಟಿ ಸಾಹೇಬರ ಬಿಳಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು, ಎಡಗೈಯ ಹೆಬ್ಬೆರಳಿಗೆ ಕರ್ಚೀಫು ಸುತ್ತಿತ್ತು. ವ್ಯಾನಿನ ಡ್ರೈವರು ಇಳಿದವನೇ ಅವಳ ಬಳಿ ಬಂದು ಎಲ್ಲ ಒದರಿದ. ಅವಳು ಹೇಳಿದ್ದನ್ನೆಲ್ಲ ಅವನು ಮಾಡಹೊರಟಿದ್ದನಂತೆ. ಪಟ್ಟಿ ಸಾಹೇಬರು ಬಿಡಲಿಲ್ಲವಂತೆ. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ನೀರು ಸೋಕಿಸಬಾರದು ಎಂದಿದೆ, ಹತ್ತು ನಿಮಿಷ ಓಡಿಸಿ ಇಪ್ಪತ್ತು ನಿಮಿಷ ನಿಲ್ಲಿಸಬೇಕು ಎಂದಿದೆ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಹಾಗೇ ಮಾಡಿಸಿದರಂತೆ. ನೆರಳಿಗೆ ಒಂದು ಗಿಡವೂ ಇಲ್ಲದ ಆ ಕಲ್ಲಿನ ಮೇಲೆ ಡಾಕ್ಟರಮ್ಮ ಫೈಲನ್ನು ತಲೆಗೆ ಹಿಡಿದುಕೊಂಡು ಕೂತಿದ್ದರಂತೆ. ಬ್ಯಾಟರಿಗೆ ಕಚ್ಚಿಸಲೂ ಬಿಡದೆ ಸಿಗರೇಟಿನ ತೂತಿಗೇ ಸಿಕ್ಕಿಸಿ ಎರಡು ಫ್ಯೂಸು ಸುಟ್ಟವಂತೆ. ತುಂಬಿಸಲು ಒಟ್ಟು ಹಿಡಿದದ್ದು ಒಂದು ಗಂಟೆ ಐವತ್ತೆರಡು ನಿಮಿಷ.

ಡ್ರೈವರಮ್ಮ ನಗಲಿಲ್ಲ. ರಿಜಿಸ್ಟರು ತೆರೆದಳು, ಬಂದ ಹೊತ್ತು ಬರೆದಳು, ಪೆನ್ನು ಕೊನೆಯ ಕಾಲಮ್ಮಿನ ಮೇಲೆ ಇಟ್ಟಳು.

“ತಡಕ್ಕೆ ಕಾರಣ ಹೇಳಿ ಸರ್, ಬರ್ಕೋಬೇಕು.”

ಪಟ್ಟಿ ಸಾಹೇಬರು ಡಾಕ್ಟರಮ್ಮನ ಕಡೆ ನೋಡಿದರು. ಡಾಕ್ಟರಮ್ಮ ಗೋಡೆಯ ಕಡೆ ನೋಡುತ್ತಿದ್ದರು. ಯಂತ್ರ ತಣ್ಣಗಾಗಲು ಕಾಯಬೇಕಾಯಿತು ಎಂದು ಪಟ್ಟಿ ಸಾಹೇಬರು ಮೆತ್ತಗೆ ಹೇಳಿದರು. ಅವಳು ರಿಜಿಸ್ಟರನ್ನು ಅವರ ಕಡೆ ತಿರುಗಿಸಿ, ನಿಮ್ಮ ಅಕ್ಷರದಲ್ಲೇ ಇರಲಿ ಎಂದು ಪೆನ್ನು ಕೊಟ್ಟಳು. ಅವರು ಬರೆದು ಸಹಿ ಹಾಕಿದರು. ಡಾಕ್ಟರಮ್ಮ ಜೀಪಿನ ಕೀಲಿಯನ್ನು ಮೇಜಿನ ಮೇಲಿಟ್ಟರು. ನಾಳೆ ನಿಮ್ಮ ಮಾವನನ್ನು ಕರೆದುಕೊಂಡು ಬಾ, ಆ ಪಂಪನ್ನು ಮತ್ತೆ ಹಾಕಿಸೋಣ, ಆದದ್ದು ಆಯಿತು ಎಂದರು.

ಅವಳು ಕೀಲಿ ಮುಟ್ಟಲಿಲ್ಲ. ರಿಜಿಸ್ಟರಿನ ಪುಟಗಳನ್ನು ಹಿಂದಕ್ಕೆ ಮಗುಚಿದಳು. ಹೆರಿಗೆಯ ದಿನದ ಪುಟದಲ್ಲಿ ನಿಲ್ಲಿಸಿ, ಸುಟ್ಟ ಗಾಯ ಇನ್ನೂ ಕಪ್ಪಾಗಿದ್ದ ಬೆರಳನ್ನು ಆ ಸಾಲಿನ ಮೇಲಿಟ್ಟಳು.

“ಇದನ್ನೂ ಸರಿ ಮಾಡಿ.”

ಒಮ್ಮೆ ಬರೆದದ್ದನ್ನು ರಿಜಿಸ್ಟರಿನಲ್ಲಿ ಬದಲಾಯಿಸುವ ಹಾಗಿಲ್ಲವಮ್ಮ ಎಂದರು ಪಟ್ಟಿ ಸಾಹೇಬರು. ಅವಳು ಬಾಗಿಲ ಕಡೆ ತಿರುಗದೆಯೇ ಹೇಳಿದಳು, ಹನ್ನೊಂದನೇ ನಿಯಮ, ತಪ್ಪಾಗಿ ಬರೆದದ್ದನ್ನು ಒಂದು ಗೆರೆ ಎಳೆದು ಹೊಡೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ಹಾಕುವುದು. ನೀವೇ ಅಂಟಿಸಿದ್ದು.

ಡಾಕ್ಟರಮ್ಮ ಬಗ್ಗಿ ಆ ಸಾಲನ್ನು ಓದಿದರು. ಅದು ಅಲ್ಲಿ ಇದೆಯೆಂದೇ ಅವರಿಗೆ ಗೊತ್ತಿರಲಿಲ್ಲ. ಓದಿ, ಅವಳ ಬೆರಳನ್ನು ನೋಡಿದರು, ಪಟ್ಟಿ ಸಾಹೇಬರ ಕರ್ಚೀಫು ನೋಡಿದರು. ಆಮೇಲೆ ಕೇಳಿದರು: “ಅದೇ ಯಂತ್ರ. ನಮಗೆ ಹತ್ತಿರ ಹತ್ತಿರ ಎರಡು ಗಂಟೆ ಆಯ್ತು. ನೀನು ನಲವತ್ತೊಂದು ನಿಮಿಷಕ್ಕೆ ಹೇಗೆ ಮುಗಿಸಿದೆ?”

“ಅವತ್ತು ಇದನ್ನ ಯಾರೂ ಕೇಳಲಿಲ್ಲ ಮೇಡಂ. ಯಾಕೆ ನಲವತ್ತೊಂದು ಆಯ್ತು ಅಂತಷ್ಟೇ ಕೇಳಿದ್ರಿ. ಎರಡು ಪುಟ ಬರ್ದಿದ್ದೆ, ಫೈಲಲ್ಲೇ ಇದೆ.”

ಡಾಕ್ಟರಮ್ಮ ಪೆನ್ನನ್ನು ಪಟ್ಟಿ ಸಾಹೇಬರ ಕಡೆ ಸರಿಸಿದರು. ಪಟ್ಟಿ ಸಾಹೇಬರು ಸ್ಕೇಲು ಇಟ್ಟು, ನೇರವಾಗಿ, ಆ ಮೂರು ಪದಗಳ ಮೇಲೆ ಗೆರೆ ಎಳೆದರು. ಪಕ್ಕದಲ್ಲಿ ‘ಯಂತ್ರದ ದೋಷ’ ಎಂದು ಬರೆಯುತ್ತೇನೆ ಎಂದರು. ಅವಳು ಅಂಗೈ ಅಡ್ಡ ಹಿಡಿದಳು.

“ಯಂತ್ರದ ತಪ್ಪಲ್ಲ ಸರ್. ಪೇಟೆ ರಸ್ತೇಲಿ ಸಣ್ಣ ಕಾರಿಗೆ ಅದು ಒಳ್ಳೇ ಯಂತ್ರಾನೇ. ಪಾಪ, ಕೈಲಾದಷ್ಟು ಊದಿತು. ಆರಿಸಿದವರ ತಪ್ಪು ಅಂತ ಬರೀರಿ.”

ಗೇಟಿನ ಕೋಣೆಯ ಫ್ಯಾನು ಕಿರ್ರೆನ್ನುತ್ತಿತ್ತು. ಪಟ್ಟಿ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಮನುಷ್ಯ ಕೆಟ್ಟವರಲ್ಲ ಎಂದು ಮೊದಲೇ ಹೇಳಿದೆ. ಕೊನೆಗೆ ‘ಸಲಕರಣೆಯ ತಪ್ಪು ಆಯ್ಕೆ’ ಎಂದು ಬರೆದು, ಕೆಳಗೆ ತಮ್ಮ ಪೂರ್ತಿ ಸಹಿ ಹಾಕಿದರು. ಕೂಸಿನ ಅಪ್ಪನಿಗೆ ತೋರಿಸಲು ಆ ಪುಟದ ಒಂದು ಪ್ರತಿ ಬೇಕು, ತಾನೇ ಕೊಂಡೊಯ್ದು ಕೊಡುತ್ತೇನೆ ಎಂದಳು ಅವಳು. ಅದನ್ನೂ ತೆಗೆಸಿಕೊಟ್ಟರು. ಅಲ್ಲಿಯ ತನಕ ಕೀಲಿ ಮೇಜಿನ ಮೇಲೇ ಇತ್ತು.

ಅವರೆಲ್ಲ ಹೋದ ಮೇಲೆ ಅವಳು ಪ್ರತಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಕೀಲಿ ತೆಗೆದುಕೊಂಡಳು. ರಿಜಿಸ್ಟರು ಮುಚ್ಚುವ ಮೊದಲು ಆ ಪುಟವನ್ನು ಇನ್ನೊಮ್ಮೆ ನೋಡಿದಳು. ಗೆರೆ ನೇರವಾಗಿತ್ತು, ತೆಳ್ಳಗಿತ್ತು. ಅದರ ಕೆಳಗೆ ‘ಉದ್ದೇಶಪೂರ್ವಕ’ ಎಂಬ ಪದ ಇನ್ನೂ ಓದಲು ಬರುತ್ತಿತ್ತು.